ದಾದನಾ ಎಂಬ ಗಿಡ

"ದಾದನಾ" ಎಂದು ಒತ್ತಿದರೆ ಈ ಮೊಬೈಲು ಅದರ ಅಡಿಗೆ ಕೆಂಪು ಗೆರೆ ಎಳೆಯುತ್ತದೆ. ಅಂಥ ಶಬ್ದವೇ ಇಲ್ಲ ಎಂದು ಅದರ ಅಭಿಪ್ರಾಯ. ಒತ್ತಲು ಕಲಿಸಿದ ಮೊಮ್ಮಗಳು "ಅದನ್ನು ಲೆಕ್ಕಕ್ಕೆ ತಗೊಳ್ಬೇಡಿ ಅಜ್ಜಿ, ಅದಕ್ಕೆ ತುಳು ಬರುವುದಿಲ್ಲ" ಎನ್ನುತ್ತಾಳೆ. ತುಳು ಬಾರದಿದ್ದರೂ ಏನೋ ತಪ್ಪಿದೆ ಎಂದು ಅನುಮಾನಪಡುವಷ್ಟು ಬುದ್ಧಿ ಇದಕ್ಕೆ ಉಂಟು. ನಮ್ಮ ಗಿಡದ ಮಾಷ್ಟ್ರಿಗೆ ಅಷ್ಟು ಇರಲಿಲ್ಲ. ಇದ್ದಿದ್ದರೆ ಅವರ ಮಾನವೂ ಉಳಿಯುತ್ತಿತ್ತು, ಕುಸುಮಳ ಕೈಯೂ ಉಳಿಯುತ್ತಿತ್ತು.

ಕುಸುಮ ಅವರ ಒಬ್ಬಳೇ ಮಗಳು, ನನ್ನ ಓರಗೆಯವಳು. ಮೂಡುಬಿದಿರೆಯಲ್ಲಿ ನಮ್ಮ ಬೇಲಿಯ ಆಚೆಗೆ ಅವರ ಮನೆ. ಹೋದ ತಿಂಗಳು ಅವಳು ತೀರಿಕೊಂಡಳು. "ಅಪ್ಪನ ವಿಷಯ ಬರೆಯುವುದಾದರೆ ನಾನು ಸತ್ತ ಮೇಲೆ ಬರಿ. ಬದುಕಿರುವಾಗ ಬರೆದರೆ ನಿನ್ನ ಬೆರಳು ಮುರಿಯುತ್ತೇನೆ" ಎಂದಿದ್ದಳು. ಈಗ ಬೆರಳುಗಳಿಗೆ ಅಪಾಯ ಇಲ್ಲ.

ಮಾಷ್ಟ್ರ ಹೆಸರು ಮಾತ್ರ ಬರೆಯುವುದಿಲ್ಲ. ಹೆಸರಿನ ವಿಷಯದಲ್ಲಿ ಅವರಿಗೆ ಈ ಊರಿನಲ್ಲಿ ಸಾಕಷ್ಟು ಆಗಿದೆ.

ಬಳ್ಳಾರಿ ಕಡೆಯವರು. ಒಣಗಿದ ನುಗ್ಗೆಕಾಯಿಯ ಹಾಗೆ ಉದ್ದ, ಅದರ ಹಾಗೆಯೇ ಗಂಟು ಗಂಟು. ಮೂಡುಬಿದಿರೆಯ ಸೆಕೆಯಲ್ಲೂ ಖಾಕಿ ಕೋಟು ತೆಗೆಯುತ್ತಿರಲಿಲ್ಲ. ಆ ಕೋಟು ದೊರೆಗಳು ಕೊಟ್ಟದ್ದು. ಬ್ರಿಟಿಷರ ಕಾಲದಲ್ಲಿ ಇವರು ಮದ್ರಾಸಿನ ಒಂದು ಸರ್ಕಾರಿ ಕಚೇರಿಯಲ್ಲಿ ಒಬ್ಬ ಬಿಳಿ ದೊರೆಯ ಕೈಕೆಳಗೆ ಇದ್ದರು. ಗಿಡಮರಗಳಿಂದ ಏನೇನು ಮಾರಬಹುದು ಎಂದು ಹುಡುಕುವುದು ದೊರೆಯ ಕೆಲಸ. ಯಾವ ತೊಗಟೆಯಿಂದ ಚರ್ಮ ಹದ ಮಾಡಬಹುದು, ಯಾವ ಕಾಯಿಯಿಂದ ಎಣ್ಣೆ ಬರುತ್ತದೆ, ಯಾವ ಬಳ್ಳಿಯ ನಾರು ಹಡಗಿನ ಹಗ್ಗಕ್ಕೆ ಆಗುತ್ತದೆ, ಅದನ್ನು ಲಂಡನ್ನಿನಲ್ಲಿ ಯಾರು ಕೊಳ್ಳುತ್ತಾರೆ, ಇದೆಲ್ಲ. ಇವರು ಕಾಡು ಹೊಕ್ಕು ತರುವುದು, ದೊರೆ ಕುರ್ಚಿಯಲ್ಲಿ ಕೂತು ಮೂಸುವುದು.

ಸ್ವಾತಂತ್ರ್ಯ ಬಂದಾಗ ದೊರೆ ಹಡಗು ಹತ್ತಿದ. ಹೋಗುವ ಮೊದಲು ಒಂದು ಕಪಾಟು ತುಂಬ ಗಾಜಿನ ಕುಪ್ಪಿಗಳನ್ನು ಇವರಿಗೆ ಬಿಟ್ಟುಕೊಟ್ಟ. ಕೆಲಸ ಹೋಗಿತ್ತು, ಕಪಾಟು ಉಳಿದಿತ್ತು. ನಮ್ಮ ಹೈಸ್ಕೂಲಿಗೆ ಆಗ ವಿಜ್ಞಾನಕ್ಕೆ ಮಾಷ್ಟ್ರು ಬೇಕಿತ್ತು, ಕಪಾಟಿಗೆ ಜಾಗ ಕೊಡುತ್ತೇವೆ ಎಂದರು, ಇವರು ಬಂದರು. ಹೀಗೆ ನಮಗೆ ಕಪಾಟಿನ ಬೆನ್ನಿಗೆ ಒಬ್ಬರು ಮಾಷ್ಟ್ರು ಸಿಕ್ಕಿದರು.

ಪ್ರತಿ ಕುಪ್ಪಿಯ ಮೇಲೂ ಅಚ್ಚು ಹಾಕಿದ ಚೀಟಿ. ಮೇಲೆ ಲ್ಯಾಟಿನ್ ಹೆಸರು, ಅದರ ಕೆಳಗೆ ವ್ಯಾಪಾರದ ಹೆಸರು, ಆಮೇಲೆ ಕನ್ನಡ, ತುಳು, ಕೊನೆಗೆ ಉಪಯೋಗ. ಸಂಗ್ರಹಿಸಿದವರು ಎಂಬಲ್ಲಿ ದೊರೆಯ ಹೆಸರು. ಜಿಗಣೆ ಕಚ್ಚಿಸಿಕೊಂಡವರು ಇವರು, ಬೆಳ್ತಂಗಡಿಯ ಕಾಡಿನಲ್ಲಿ ಚಳಿಜ್ವರದಿಂದ ಮಲಗಿದವರು ಇವರು, ಆದರೆ ಇವರ ಹೆಸರು ಒಂದು ಕುಪ್ಪಿಯಲ್ಲೂ ಇಲ್ಲ. ನಾವೊಮ್ಮೆ ಕೇಳಿದ್ದಕ್ಕೆ "ಗೋಣಿಚೀಲಕ್ಕೆ ಹೆಸರು ಬರೆಯುತ್ತಾರೆಯೇ? ಗುರುತು ಹಾಕುತ್ತಾರೆ" ಎಂದು ಕೋಟಿನ ಕಾಲರು ಮಡಚಿ ತೋರಿಸಿದರು. ಒಳಗೆ ಕಪ್ಪಗೆ ಒಂದು ಬಾಣದ ಗುರುತು. ಸರ್ಕಾರಿ ಸೊತ್ತಿಗೆಲ್ಲ ಆ ಬಾಣ ಇರುತ್ತಿತ್ತಂತೆ. ಅದನ್ನು ತೋರಿಸುವಾಗ ಅವರ ಮುಖದಲ್ಲಿ ಇದ್ದದ್ದು ಹೆಮ್ಮೆ. ಅದೇ ಬಾಣವನ್ನು ಅವರು ತಮ್ಮ ಮನೆಯ ಹೊದಿಕೆ, ಲಂಗ, ಪಂಚೆ, ಕೈಒರೆಸುವ ಬಟ್ಟೆ, ಎಲ್ಲದಕ್ಕೂ ಹಾಕಿಸಿದ್ದರು. ನಮ್ಮ ಮಡಿವಾಳರು ಬೇರೆ ಮನೆಗಳಿಗೆ ಎರಡು ಚುಕ್ಕಿ, ಒಂದು ಗೆರೆ ಹಾಕಿದರೆ ಅವರ ಮನೆಗೆ ಬಾಣ ಬಿಡಿಸಬೇಕಿತ್ತು.

ಅವರ ಬಾಯಲ್ಲಿ ಒಂದೇ ಮಾತು. "ಉಪಯೋಗ ಹೇಳು." ಗಿಡದ ಎಲೆ ತೋರಿಸಿ ಕೇಳುವುದು ಸರಿ. ಮಕ್ಕಳನ್ನು ನೋಡಿಯೂ ಅದನ್ನೇ ಕೇಳುತ್ತಿದ್ದರು. ಮೊದಲ ದಿನವೇ ಇಡೀ ಕ್ಲಾಸನ್ನು ವಿಂಗಡಿಸಿಬಿಡುವುದು. ನೆಗಡಿಯ ಹುಡುಗನನ್ನು ನಿಲ್ಲಿಸಿ "ಇವನು ಅಂಟಿನ ಜಾತಿ. ಸ್ರಾವ ಹೇರಳ, ಗುಣಮಟ್ಟ ಇಲ್ಲ. ವ್ಯಾಪಾರಕ್ಕೆ ಅನರ್ಹ." ದಪ್ಪ ಹುಡುಗ ಎಣ್ಣೆಕಾಳು. "ಹಿಂಡಿದರೆ ಒಂದು ಸೇರು ಬಂದೀತು. ಹಿಂಡುವ ಖರ್ಚು ಹೆಚ್ಚು." ನಾನು ಕಡ್ಡಿಯ ಹಾಗಿದ್ದೆ, ತಲೆಗೂದಲು ಕಾಡು. ನನ್ನನ್ನು ಮೇಲಿಂದ ಕೆಳಗೆ ನೋಡಿ "ನಾರು" ಎಂದರು. ಸ್ವಲ್ಪ ಯೋಚಿಸಿ "ಗೋಣಿಗೂ ಆಗದ ನಾರು" ಎಂದು ತಿದ್ದಿದರು. ನಾವು ಅಳುತ್ತಿರಲಿಲ್ಲ. ಒಬ್ಬರಿಗೆ ಬಿದ್ದದ್ದಕ್ಕೆ ಉಳಿದವರು ನಗುತ್ತಿದ್ದೆವು. ನಗುವವರ ಸರದಿಯೂ ಬರುತ್ತಿತ್ತು.

ಮಗಳನ್ನೂ ಬಿಟ್ಟವರಲ್ಲ. ಕುಸುಮ ಎಂದರೆ ಹೂವು ಎಂದು ಯಾರೋ ಹೊಗಳಿದರೆ "ಹೂವಲ್ಲ, ಕುಸುಬೆ. ನಮ್ಮ ಕಡೆಯ ಬೆಳೆ. ಎಣ್ಣೆ ಬರುತ್ತದೆ, ಬಣ್ಣ ಬರುತ್ತದೆ. ಇವಳಲ್ಲಿ ಎರಡೂ ಬಂದಿಲ್ಲ" ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡಾಗ ಕುಸುಮ ಸಣ್ಣವಳು. ಮಾತಾಡಿಸಲು ಹೋದ ನನ್ನ ಅಮ್ಮನಿಗೆ ಅವರು ಹೇಳಿದ್ದು, "ಇಳುವರಿ ಒಂದೇ. ಅದೂ ಹೆಣ್ಣು." ಅಮ್ಮ ಮನೆಗೆ ಬಂದು ಕಾಲು ತೊಳೆದುಕೊಂಡಳು. ಸಾವಿನ ಮನೆಯಿಂದ ಬಂದದ್ದಕ್ಕಲ್ಲ, ಆ ಮಾತು ಕೇಳಿದ್ದಕ್ಕೆ ಎಂದು ಅವಳೇ ಹೇಳಿದ್ದು.

ಅವರಿಗೆ ತಿರುಗೇಟು ಕೊಟ್ಟವರು ಬಂಟ್ವಾಳ ಪೇಟೆಯ ಒಬ್ಬರು ಅಂಗಡಿಯವರು ಮಾತ್ರ. ಅಮ್ಮನ ಜೊತೆ ನಾನೂ ಅಲ್ಲಿದ್ದೆ. ಮಾಷ್ಟ್ರು ಅಂಗಡಿ ತುಂಬಿದ ಗಿರಾಕಿಗಳ ಮುಂದೆ ಜಾಪತ್ರೆಯ ಡಬ್ಬಿಗೆ ಕೈ ಹಾಕಿ, ಮೂಸಿ, ಗಟ್ಟಿಯಾಗಿ ಹೇಳಿದರು. "ಇದರಲ್ಲಿ ಅರ್ಧ ರಾಂಪತ್ರೆ. ಬಣ್ಣ ಉಂಟು, ಪರಿಮಳ ಇಲ್ಲ. ಕಲಬೆರಕೆ."

ಅಂಗಡಿಯವರು ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. "ಅರ್ಧ ಅಲ್ಲ ಮಾರಾಯ್ರೆ, ಕಾಲು. ನಿಮ್ಮ ದೊರೆಗಳಿಗೆ ಕಳಿಸುವಾಗ ಅರ್ಧ ಹಾಕ್ತಿದ್ದೆವು. ಅವ ಮೂಸಿ ಪಾಸು ಮಾಡಿದ್ದ."

ಪೇಟೆಯೇ ನಕ್ಕಿತು. ಮಾಷ್ಟ್ರು ಕೈ ಒರೆಸಿಕೊಂಡು ಬಸ್ಸಿಗೆ ಹೋದರು. ತಮಗೆ ಬೈದರೆ ಅವರಿಗೆ ತಾಗುತ್ತಿರಲಿಲ್ಲ. ದೊರೆಗೆ ಹೇಳಿದರೆ ತಾಗುತ್ತಿತ್ತು.

ಈಗ ದಾದನಾ.

ತುಳು ಬಾರದವರಿಗಾಗಿ ಹೇಳಬೇಕು. ದಾದನಾ ಎಂದರೆ ತುಳುವಿನಲ್ಲಿ "ಏನೋ, ಯಾರಿಗೆ ಗೊತ್ತು" ಎಂದು ಅರ್ಥ. ಭುಜ ಕುಣಿಸಿ ಹೇಳುವ ಮಾತು.

ಕಪಾಟಿನ ನಡುವಿನ ಅಂತಸ್ತಿನಲ್ಲಿ ತೊಗಟೆಯ ಚೂರುಗಳಿದ್ದ ಒಂದು ಕುಪ್ಪಿ. ಅದು ಮಾಷ್ಟ್ರ ಪ್ರಾಣ. ಅದರ ಜೋಡಿ ಕುಪ್ಪಿ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಉಂಟಂತೆ. ವರ್ಷಕ್ಕೊಮ್ಮೆ ಅದನ್ನು ಎರಡೂ ಕೈಯಿಂದ ಇಳಿಸಿ ಕಥೆ ಹೇಳುತ್ತಿದ್ದರು.

"ಅಳದಂಗಡಿಯ ದಾರಿ. ದೊರೆಗಳು ಕುದುರೆಯ ಮೇಲೆ, ನಾನು ಹಿಂದೆ. ಬೇಲಿಯಲ್ಲಿ ಈ ಗಿಡ ಕಂಡೆವು. ಯಾವ ಪುಸ್ತಕದಲ್ಲೂ ಇದರ ತುಳು ಹೆಸರು ಇರಲಿಲ್ಲ. ಆಗ ಸೊಪ್ಪು ಹೊತ್ತ ಒಬ್ಬ ಹೆಂಗಸು ಬಂದಳು. ಇದರ ಹೆಸರೇನಮ್ಮಾ ಎಂದು ಕೇಳಿದೆ. ಅವಳು ಹೊರೆ ಇಳಿಸಿದಳು. ಗಿಡವನ್ನು ನೋಡಿದಳು. ತಲೆ ಕೆರೆದಳು. ಬಹಳ ಯೋಚಿಸಿ ಹೇಳಿದಳು. ದಾದನಾ! ದೊರೆಗಳು ಕುದುರೆಯ ಮೇಲೇ ಬರೆದುಕೊಂಡರು. ತುಳು ಭಾಷೆಯಿಂದ ಲೋಕದ ವಿಜ್ಞಾನಕ್ಕೆ ಹೋದ ಶಬ್ದ ಇದು. ತಂದವನು ನಾನು."

ಕ್ಲಾಸಿನಲ್ಲಿ ಕೂತವರೆಲ್ಲ ಮನೆಯಲ್ಲಿ ತುಳು ಮಾತಾಡುವ ಮಕ್ಕಳು. ಆ ಹೆಂಗಸು ತಲೆ ಕೆರೆದದ್ದು ನಮಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ನಗು ತಡೆಯಲು ಒಬ್ಬ ಪೆನ್ಸಿಲು ಕಚ್ಚಿದರೆ ಇನ್ನೊಬ್ಬಳು ಬೆಂಚಿನ ಅಡಿಗೆ ಬಿದ್ದದ್ದನ್ನು ಹುಡುಕುತ್ತಿದ್ದಳು. "ಜ್ಞಾನದ ಸಂತೋಷ" ಎಂದು ಮಾಷ್ಟ್ರು ತಿಳಿದಿದ್ದರು. ಪ್ರತಿ ವರ್ಷದ ಮಕ್ಕಳು ಮುಂದಿನ ವರ್ಷದವರಿಗೆ ಹೇಳಿಟ್ಟು ಹೋಗುತ್ತಿದ್ದರು, ಕುಪ್ಪಿ ಇಳಿಯುವ ದಿನ ರಜೆ ಹಾಕಬೇಡಿ ಎಂದು. ಊರಿಗೆ ಊರೇ ಹಿಂದಿನಿಂದ ಅವರನ್ನು ದಾದನಾ ಮಾಷ್ಟ್ರು ಎನ್ನುತ್ತಿತ್ತು. ವಾಮದಪದವಿನ ಹೋಟೆಲಿನಲ್ಲಿ ಕೂತವರಿಗೂ ಗೊತ್ತು. ಅವರ ಮುಖಕ್ಕೆ ಒಬ್ಬರೂ ಹೇಳಲಿಲ್ಲ. ಹೇಳಿದರೆ ನಗುವುದಕ್ಕೆ ಏನು ಉಳಿಯುತ್ತದೆ?

ಕುಸುಮಳಿಗೆ ತುಳು ಬರುತ್ತಿತ್ತು. ಮನೆಯಲ್ಲಿ ತುಳು ಆಡಬಾರದು ಎಂದು ಅಪ್ಪನ ಕಟ್ಟಪ್ಪಣೆ. "ಲಿಪಿ ಇಲ್ಲದ ಭಾಷೆ. ಹೆಸರು ತೆಗೆದುಕೊಂಡು ಬಿಡಬೇಕು, ಒಳಗೆ ಸೇರಿಸಬಾರದು." ಅವಳು ನಮ್ಮ ಅಡುಗೆಮನೆಯಲ್ಲಿ ಕಲಿತಳು. ಕುಪ್ಪಿಯ ದಿನ ಇಡೀ ಕ್ಲಾಸು ಅವಳ ಕಡೆ ನೋಡುತ್ತಿತ್ತು. ಅವಳು ನಗುತ್ತಲೂ ಇರಲಿಲ್ಲ, ತಲೆ ತಗ್ಗಿಸುತ್ತಲೂ ಇರಲಿಲ್ಲ.

"ಅಪ್ಪನಿಗೆ ಹೇಳುವುದಲ್ಲವಾ ಮಾರಾಯ್ತಿ?" ಎಂದು ನಾನು ಕೇಳಿದ್ದುಂಟು.

"ಹೇಳಿದರೆ ಏನು ಉಳಿಯುತ್ತದೆ ಅವರಿಗೆ?" ಎಂದಳು. "ಅದೊಂದು ಕುಪ್ಪಿ ಮಾತ್ರ ಅವರದ್ದು. ಬಾಕಿ ಎಲ್ಲ ದೊರೆಯದ್ದು."

ನಾವು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಇನ್‌ಸ್ಪೆಕ್ಟರು ಬಂದರು. ಮಂಗಳೂರಿನವರು, ಬಾಯಿ ತುಂಬ ವೀಳ್ಯ, ನಗುಮುಖ. ಮಾಷ್ಟ್ರು ಕಪಾಟು ತೆರೆದು, ಹೆಸರೊಂದನ್ನು ಕೊನೆಗೆ ಉಳಿಸಿಕೊಂಡು, ಕುದುರೆ, ಸೊಪ್ಪಿನ ಹೆಂಗಸು, ಲಂಡನ್ನು ಎಲ್ಲ ಹೇಳಿದರು. ಆ ಗಿಡದ ಒಂದು ಹಸಿ ಗೆಲ್ಲನ್ನೂ ತಂದು ಮೇಜಿನ ಮೇಲಿಟ್ಟಿದ್ದರು. ಒಳ್ಳೆಯ ಉತ್ತರ ಬರಲಿ ಎಂದು ಮಗಳನ್ನೇ ನಿಲ್ಲಿಸಿದರು.

"ಇದರ ತುಳು ಹೆಸರು ಹೇಳು."

ಕುಸುಮ ಇನ್‌ಸ್ಪೆಕ್ಟರ ಮುಖ ನೋಡಿದಳು. ಅವರು ನಮ್ಮ ಬಾಗಿಲಲ್ಲೇ ಹೆಡ್‌ಮಾಷ್ಟ್ರ ಹತ್ತಿರ ತುಳು ಮಾತಾಡಿದ್ದನ್ನು ಅವಳು ಕೇಳಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ. ಅವಳು ಲಂಗವನ್ನು ಮುಷ್ಟಿಯಲ್ಲಿ ಹಿಡಿದದ್ದು ಕಂಡಿತು.

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲವೇ? ಹೋದ ವಾರ ಹೇಳಿಲ್ಲವೇ ನಾನು?"

"ಮರೆತುಹೋಯಿತು ಸಾರ್."

"ಮರೆಯುವ ಹೆಸರೇ ಅದು!" ಮಾಷ್ಟ್ರು ಇನ್‌ಸ್ಪೆಕ್ಟರ ಕಡೆ ತಿರುಗಿ, ಗೆಲ್ಲನ್ನು ಎತ್ತಿ ಹಿಡಿದು, ಒಬ್ಬ ಮಂತ್ರಿಯನ್ನು ಪರಿಚಯ ಮಾಡಿಸುವ ಹಾಗೆ ಹೇಳಿದರು. "ದಾದನಾ."

ಇನ್‌ಸ್ಪೆಕ್ಟರ ಬಾಯಿಯ ವೀಳ್ಯ ಕಿಟಕಿಯ ಹೊರಗೆ ಹಾರಿತು. ಅವರು ನಕ್ಕದ್ದು ಕೆಟ್ಟದ್ದಕ್ಕಲ್ಲ. ನಗು ಬರುವ ವಿಷಯವೇ ಅದು. "ಅಯ್ಯೋ ಮಾಷ್ಟ್ರೇ, ಅದು ಗಿಡದ ಹೆಸರಲ್ಲ ಮಾರಾಯ್ರೆ. ಆ ಹೆಂಗಸು 'ನನಗೆ ಗೊತ್ತಿಲ್ಲ, ಏನೋ ಒಂದು' ಅಂತ ಹೇಳಿದ್ದು. ನೀವು ಅದನ್ನು ಲಂಡನ್ನಿಗೆ ಕಳಿಸಿದಿರಾ?" ಆಮೇಲೆ ನಮ್ಮ ಕಡೆ ತಿರುಗಿ "ಮಕ್ಕಳೇ, ನಿಮಗೆ ಗೊತ್ತಿತ್ತಾ?" ಎಂದರು.

ಇಷ್ಟು ವರ್ಷ ತಡೆದದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಅಂಥ ನಗುವನ್ನು ಆ ಶಾಲೆಯ ಹೆಂಚುಗಳು ಮೊದಲು ಕೇಳಿರಲಿಲ್ಲ. ಅಂಟಿನ ಜಾತಿ ನಕ್ಕಿತು, ಎಣ್ಣೆಕಾಳು ನಕ್ಕಿತು, ಗೋಣಿಗೂ ಆಗದ ನಾರು ಬೆಂಚು ಬಡಿದು ನಕ್ಕಿತು. ಸುಳ್ಳು ಹೇಳುವುದೇಕೆ, ಅದು ನನ್ನ ಜೀವಮಾನದ ಒಳ್ಳೆಯ ನಗುಗಳಲ್ಲಿ ಒಂದು.

ಮಾಷ್ಟ್ರು ನಮ್ಮ ಯಾರನ್ನೂ ನೋಡಲಿಲ್ಲ. ನಗದೆ ನಿಂತಿದ್ದ ಒಬ್ಬಳನ್ನೇ ನೋಡಿದರು. ಅವಳಿಗೆ ಗೊತ್ತಿತ್ತು ಎಂದು ಅವರಿಗೆ ತಿಳಿದದ್ದು ಅವಳು ನಗದೆ ಇದ್ದದ್ದರಿಂದ.

ಸಂಜೆ ನಾನು ಅವರ ಜಗಲಿಗೆ ಹೋದೆ. ಕುಸುಮಳ ಜೊತೆ ಸ್ವಲ್ಪ ಕೂರುವ ಎಂದು. ಅಪ್ಪ ಮಗಳು ಎದುರು ಬದುರು ಕೂತಿದ್ದರು. ನಡುವೆ ಒಂದು ತಟ್ಟೆ, ಅದರಲ್ಲಿ ನಾಲ್ಕೈದು ಕರಿಗೇರು ಕಾಯಿ, ಒಂದು ದಬ್ಬಣ. ಕರಿಗೇರು ಎಂದರೆ ನಾವು ತಿನ್ನುವ ಗೇರುಬೀಜ ಅಲ್ಲ. ಮಡಿವಾಳರು ಬಟ್ಟೆಗೆ ಗುರುತು ಹಾಕುವ ಕಪ್ಪು ಕಾಯಿ. ಅದರ ರಸ ಬಟ್ಟೆಗೆ ಹತ್ತಿದರೆ ಬಟ್ಟೆ ಹರಿದರೂ ಗುರುತು ಹೋಗುವುದಿಲ್ಲ. ಚರ್ಮಕ್ಕೆ ಹತ್ತಿದರೆ ಬೊಕ್ಕೆ ಎದ್ದು ಹುಣ್ಣಾಗುತ್ತದೆ. ಅದನ್ನು ನಮಗೆ ಪಾಠ ಮಾಡಿದವರು ಅವರೇ. "ಹತ್ತಿಯ ಮೇಲೆ ಶಾಯಿ, ಮೈಯ ಮೇಲೆ ಬೆಂಕಿ" ಎಂದು ಬರೆಸಿದ್ದರು.

"ಬಾ ನಾರು, ಕೂರು," ಎಂದರು ನನಗೆ. ದನಿಯಲ್ಲಿ ಕೋಪವೇ ಇರಲಿಲ್ಲ. ಆಮೇಲೆ ಮಗಳಿಗೆ, "ಎಂದಿನಿಂದ ಗೊತ್ತಿತ್ತು?"

"ಸಣ್ಣ ಕ್ಲಾಸಿನಿಂದ ಅಪ್ಪಾ."

"ಅವರ ಜೊತೆ ನಕ್ಕಿದ್ದೀಯಾ?"

"ಇಲ್ಲ ಅಪ್ಪಾ."

"ನಕ್ಕಿದ್ದರೆ ಅವರವಳು ಎಂದು ತಿಳಿಯುತ್ತಿದ್ದೆ. ಹೇಳಿದ್ದರೆ ನನ್ನವಳು ಎಂದು ತಿಳಿಯುತ್ತಿದ್ದೆ. ನೀನು ಯಾವ ಕಡೆಯ ಮಾಲು ಎಂದು ಗೊತ್ತಾಗದ ಹಾಗೆ ಇದ್ದೀಯ. ಗುರುತಿಲ್ಲದ ಮಾಲು ದಾರಿ ತಪ್ಪುತ್ತದೆ. ಕೈ ಕೊಡು."

ಅವಳು ಎಡಗೈ ಕೊಟ್ಟಳು. ಓಡಲಿಲ್ಲ. ಅವರು ಕಾಯಿಗೆ ದಬ್ಬಣ ಚುಚ್ಚಿ, ಮಣಿಕಟ್ಟಿನ ಮೇಲ್ಗಡೆ ಒಂದು ಬಾಣ ಬರೆದರು. ಚಂದಕ್ಕೆ, ನಿಧಾನಕ್ಕೆ, ಗೆರೆ ಅಲುಗದ ಹಾಗೆ. ಬರೆದು ಮುಗಿಸಿ ಊದಿದರು. ಮಕ್ಕಳ ಗಾಯಕ್ಕೆ ಊದುವ ಹಾಗೆ. ಅದನ್ನು ನಾನು ಮರೆತಿಲ್ಲ.

ನಾನು ಅಮ್ಮನನ್ನು ಕೂಗಿಕೊಂಡು ಓಡಿದೆ. ಅಮ್ಮ ತೆಂಗಿನೆಣ್ಣೆಯ ಕುಪ್ಪಿ ಹಿಡಿದುಕೊಂಡೇ ಬೇಲಿ ದಾಟಿ ಬಂದು ತುಳುವಿನಲ್ಲಿ ಕಿರುಚಿದಳು. "ಮಾಷ್ಟ್ರೇ, ಈರ್ ನರಮಾನಿನಾ?" ನೀವು ಮನುಷ್ಯರಾ ಎಂದು.

"ಕನ್ನಡದಲ್ಲಿ ಕೇಳಿದರೆ ಉತ್ತರ ಕೊಡುತ್ತೇನೆ," ಎಂದರು ಅವರು.

ಅಮ್ಮನಿಗೆ ಕನ್ನಡ ಬಾಯಿಗೆ ಬರುವುದು ತಡವಾಗಿ. ಎಣ್ಣೆ ಹಚ್ಚುತ್ತಾ, ಒಂದೊಂದೇ ಶಬ್ದ ಹುಡುಕಿ ಕೇಳಿದಳು. "ನೀವು... ಮನುಷ್ಯರು... ಹೌದೋ?"

"ವ್ಯಾಕರಣ ಸರಿ ಇದೆ. ಪ್ರಶ್ನೆ ಅನಗತ್ಯ."

ಹುಣ್ಣು ಒಣಗಲು ಬಹಳ ದಿನ ಹಿಡಿಯಿತು. ಒಣಗಿದ ಮೇಲೆ ಅಲ್ಲಿ ಕಪ್ಪಗೆ ಉಬ್ಬಿದ ಬಾಣ ಉಳಿಯಿತು. ಅಷ್ಟರಲ್ಲಿ ಅವಳ ಶಾಲೆಯನ್ನೂ ಬಿಡಿಸಿದ್ದರು. "ಓದಿ ಉಪಯೋಗ?" ಎಂದು ಹೆಡ್‌ಮಾಷ್ಟ್ರಿಗೆ ಹೇಳಿದರಂತೆ. ಆಮೇಲೆ ಅವಳಿಗೆ ಆ ಮನೆಯಿಂದ ಹೊರಗೆ ಹೋಗಲು ಉಳಿದದ್ದು ಮದುವೆಯ ಬಾಗಿಲು ಒಂದೇ. ಅದು ಅವಳಿಗೂ ಗೊತ್ತು, ನಮಗೂ ಗೊತ್ತು. ನನ್ನ ಅಮ್ಮ ಅದರ ಹಿಂದೆ ಬಿದ್ದಳು.

ಬೇಲಿಯ ಹತ್ತಿರ ಕೂತು ಕುಸುಮ ಹೇಳುತ್ತಿದ್ದಳು. "ಕುಂಟ ಆದರೂ ಆದೀತು, ಕುರುಡ ಆದರೂ ಆದೀತು. ಗಿಡದ ವಿಷಯ ಮಾತ್ರ ಮಾತಾಡಬಾರದು."

"ಕುರುಡನೇ ಒಳ್ಳೆಯದು," ಎಂದೆ ನಾನು. "ಕೈ ಕಾಣುವುದಿಲ್ಲ."

"ಕುರುಡರು ಮುಟ್ಟಿ ನೋಡ್ತಾರೆ, ಪೆದ್ದಿ." ಇಬ್ಬರೂ ನಕ್ಕೆವು. ಅವಳಿಗೆ ನಗಲು ಬರುವುದಿಲ್ಲ ಎಂದು ತಿಳಿದವರಿಗೆ ಅವಳು ಗೊತ್ತಿಲ್ಲ.

ಕೆಲವು ವರ್ಷ ಕಳೆದು, ಮಾಷ್ಟ್ರು ನಿವೃತ್ತರಾದ ಮೇಲೆ, ಬಂಟ್ವಾಳದಿಂದ ಒಂದು ಸಂಬಂಧ ಕೂಡಿಬಂತು. ಜವಳಿ ಅಂಗಡಿಯವರು. ಅವರೂ ಯಾವುದೋ ಕಾಲಕ್ಕೆ ಘಟ್ಟ ಇಳಿದು ಬಂದವರು, ಮಾಷ್ಟ್ರ ಜಾತಿಯವರೇ. ಹುಡುಗ ಪೊಳಲಿಯ ಜಾತ್ರೆಯಲ್ಲಿ ಅವಳನ್ನು ನೋಡಿ ಮೊದಲೇ ಒಪ್ಪಿದ್ದ. ಕುಂಟನೂ ಅಲ್ಲ, ಕುರುಡನೂ ಅಲ್ಲ. ಮಾತಾಡುವಾಗ ಕಿವಿ ಕೆಂಪಾಗುತ್ತಿತ್ತು, ಅಷ್ಟೇ ಅವನ ದೋಷ. ನಾನು ಮದುವೆಯಾಗಿ ಬೆಳ್ತಂಗಡಿಗೆ ಹೋಗಿದ್ದೆ. ಹುಡುಗಿ ನೋಡುವ ದಿನಕ್ಕೆಂದು ಬಂದೆ. ನಾನೇ ಅವಳ ಎಡಗೈಗೆ ಮೊಣಕೈವರೆಗೆ ಹಸಿರು ಗಾಜಿನ ಬಳೆ ಏರಿಸಿದೆ.

"ಕೈ ಎತ್ತಿದರೆ ಬಳೆಗಾರನ ಅಂಗಡಿ ಬಿದ್ದ ಹಾಗೆ ಕೇಳ್ತದೆ," ಎಂದಳು ಅವಳು.

"ಹಾಗಾದರೆ ಎತ್ತಬೇಡ."

ಎಲ್ಲ ಸರಿಯಾಗಿಯೇ ಆಯಿತು. ಮಾಷ್ಟ್ರು ಕೋಟು ಹಾಕಿ ಜಗಲಿಯಲ್ಲಿ ಕೂತಿದ್ದರು, ಬಾಯಿ ಬಿಡಲಿಲ್ಲ. ಹುಡುಗನ ತಾಯಿ ದೊಡ್ಡ ದನಿಯ ಹೆಂಗಸು. ಉಪ್ಪಿಟ್ಟು ತಿಂದು ಮೆಚ್ಚಿದರು. ಅವಲಕ್ಕಿ ತಿಂದು ಅದನ್ನೂ ಮೆಚ್ಚಿದರು. ಹೊರಡುವ ಮೊದಲು "ಧಾರೆಗೆ ಬಳೆ ಮಾಡಿಸಬೇಕಲ್ಲ, ಅಳತೆ ಕೊಡು ಮಗಾ" ಎಂದು ಕುಸುಮಳ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡರು. ಎಡಗೈ. ಬಳೆಗಳನ್ನು ಹಿಂದಕ್ಕೆ ಸರಿಸಿದರು. ಬೆರಳು ಅಲ್ಲಿಯೇ ನಿಂತಿತು.

"ಇದೆಂಥದು?"

"ಅಡುಗೆ ಮಾಡುವಾಗ ಸುಟ್ಟದ್ದು," ಎಂದಳು ಕುಸುಮ.

ಅವರು ನಂಬಿದರು. ನಾನು ಅವರ ಮುಖ ನೋಡುತ್ತಿದ್ದೆ, ನಂಬಿದ್ದರು. "ಅಡುಗೆ ಮಾಡುವ ಕೈಗೆ ಇದೆಲ್ಲ ಇರುವುದೇ" ಎಂದು ಬಳೆಯನ್ನು ಮುಂದಕ್ಕೆ ಎಳೆಯುತ್ತಲೂ ಇದ್ದರು. ಆಗ ಜಗಲಿಯಿಂದ ಮಾಷ್ಟ್ರು ಕೆಮ್ಮಿದರು.

"ತಪ್ಪು ಮಾಹಿತಿ," ಎಂದರು. "ಬೆಂಕಿಯ ಕಲೆಗೆ ಅಂಚು ಹೀಗೆ ಇರುವುದಿಲ್ಲ. ಇದು ಕರಿಗೇರು. ಸೆಮೆಕಾರ್ಪಸ್ ಅನಕಾರ್ಡಿಯಮ್. ವ್ಯಾಪಾರದಲ್ಲಿ ಮಾರ್ಕಿಂಗ್ ನಟ್ ಎನ್ನುತ್ತಾರೆ. ಉಪಯೋಗ, ಬಟ್ಟೆಗೆ ಗುರುತು ಹಾಕುವುದು. ಹಾಕಿದವನು ನಾನು."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಹಣೆ ಬಡಿದುಕೊಂಡಳು. ಹುಡುಗನ ಕಿವಿ ಕೆಂಪಾಯಿತು. ಅವನ ತಾಯಿ ಕುಸುಮಳ ಕೈಯನ್ನು ಬೆಳಕಿಗೆ ಹಿಡಿದು, ಅಂಗಡಿಗೆ ವಾಪಸ್ಸು ಬಂದ ಸೀರೆಯನ್ನು ನೋಡುವ ಹಾಗೆ ನೋಡಿದರು.

"ನಾವು ಜವಳಿಯವರು ಮಾಷ್ಟ್ರೇ. ಗುರುತು ಬಿದ್ದ ಬಟ್ಟೆ ಅಂದರೆ ಒಂದು ಸಲ ಒಗೆದದ್ದು ಅಂತ ಲೆಕ್ಕ. ಇದು ಯಾರ ಮನೆಯ ಬಟ್ಟೆ?"

"ನನ್ನ ಮನೆಯದ್ದು," ಎಂದರು ಮಾಷ್ಟ್ರು.

"ಹಾಗಾದರೆ ನೀವೇ ಇಟ್ಟುಕೊಳ್ಳಿ."

ಹುಡುಗ ಮೆಟ್ಟಿಲು ಇಳಿಯುವಾಗ ಒಮ್ಮೆ ತಿರುಗಿ ನೋಡಿದ. ತಾಯಿ ಎಳೆದದ್ದಕ್ಕೆ ಹೋದ. ಅವನಿಗೆ ಆ ಬೇಸಗೆಯಲ್ಲೇ ಬೇರೆ ಕಡೆ ಮದುವೆಯಾಯಿತು. ಕುಸುಮ ಬಳೆಗಳನ್ನು ಒಂದೊಂದಾಗಿ ತೆಗೆದು ನನಗೆ ಕೊಟ್ಟಳು. "ನಿನ್ನ ಬಳೆ, ಒಡೆಯಲಿಲ್ಲ ನೋಡು."

ಮಾಷ್ಟ್ರು ಯಾಕೆ ಬಾಯಿ ಬಿಟ್ಟರು? ಸತ್ಯದ ಚಟವೋ, ತನ್ನ ಗಂಜಿ ಬೇಯಿಸುವವಳು ಹೋಗಿಬಿಡುತ್ತಾಳೆ ಎಂಬ ಹೆದರಿಕೆಯೋ? ಇಷ್ಟು ವರ್ಷವಾದರೂ ನಾನು ತೀರ್ಮಾನ ಮಾಡಿಲ್ಲ. ಎರಡನೆಯದೇ ಆಗಿರಲಿ ಎಂದು ನನ್ನ ಆಸೆ. ಹಾಗಿದ್ದರೆ ಮನುಷ್ಯರು ಹೌದೋ ಎಂದು ನನ್ನ ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು ಎನ್ನಬಹುದು. ಕುಸುಮಳನ್ನು ಕೇಳಿದ್ದಕ್ಕೆ ಅವಳು "ಎರಡೂ ಅಲ್ಲ, ಯಾರೋ ಗಿಡದ ವಿಷಯ ತಪ್ಪು ಹೇಳಿದರು ಅಂತ ಅಷ್ಟೇ" ಎಂದಳು.

ಅರವತ್ತರ ದಶಕದ ಕೊನೆಕೊನೆಗೆ ಅವರಿಗೆ ಮರೆವು ಹಿಡಿಯಿತು. ಮೊದಲು ಮನುಷ್ಯರ ಹೆಸರುಗಳು ಹೋದವು. ಅವು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಮೊದಲೂ ಅವರು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಆಮೇಲೆ ಕನ್ನಡದ ಗಿಡದ ಹೆಸರುಗಳು, ಆಮೇಲೆ ಇಂಗ್ಲಿಷಿನವು. ಕೊನೆಗೆ ಲ್ಯಾಟಿನ್ನೂ ಹೋಯಿತು. ಶಾಲೆಯವರು ಜಾಗ ಇಲ್ಲ ಎಂದು ಕಪಾಟನ್ನು ಮನೆಗೆ ಕಳಿಸಿದ್ದರು. ಚೀಟಿಗಳನ್ನು ಬೆಳ್ಳಿಹುಳ ತಿಂದಿತ್ತು. ಒಳಗಿದ್ದದ್ದು ಪುಡಿಯೋ ಹುಳವೋ ತಿಳಿಯದ ಸ್ಥಿತಿ. ಅವರು ಒಂದೊಂದೇ ಕುಪ್ಪಿ ತೆಗೆದು, ಬೆಳಕಿಗೆ ಹಿಡಿದು, ಅಲ್ಲಾಡಿಸಿ, ವಾಪಸ್ಸು ಇಡುತ್ತಿದ್ದರು.

ಊರಿನ ಮಕ್ಕಳು ಬೇಲಿಗೆ ಬಂದು ನೇತಾಡುತ್ತಿದ್ದರು. ಅವರ ಅಪ್ಪಂದಿರು ಒಂದು ಕಾಲಕ್ಕೆ ಅಂಟು, ಎಣ್ಣೆಕಾಳು ಎಂದು ಕರೆಸಿಕೊಂಡವರು. ಒಬ್ಬ ತನ್ನ ಕಾಲಿನ ಹೆಬ್ಬೆರಳನ್ನೇ ಬೇಲಿಯೊಳಗೆ ತೂರಿಸಿ "ಮಾಷ್ಟ್ರೇ, ಇದು ಎಂಥದು?" ಎಂದು ಕೇಳಿದ. ಮಾಷ್ಟ್ರು ಬಾಗಿ, ಕನ್ನಡಕ ಸರಿಮಾಡಿಕೊಂಡು, ಗಂಭೀರವಾಗಿ ಪರೀಕ್ಷಿಸಿದರು. "ಗೆಡ್ಡೆ," ಎಂದರು. "ಉಪಯೋಗ ತಿಳಿದಿಲ್ಲ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಕುಸುಮ ಅಂಗಳ ಗುಡಿಸುತ್ತಿದ್ದಳು. ಅವರನ್ನು ಅಟ್ಟಲಿಲ್ಲ.

"ಅಟ್ಟುವುದಲ್ಲವಾ?" ಎಂದೆ.

"ಯಾಕೆ? ಇಷ್ಟು ವರ್ಷ ತಡೆದೆ. ಸಾಕು."

ಅವರನ್ನು ನಾನು ಕೊನೆಯ ಸಲ ನೋಡಿದ್ದು ಒಂದು ಮಧ್ಯಾಹ್ನ. ಜಗಲಿಯ ಕಂಬಕ್ಕೆ ಒರಗಿಸಿ ಕೂರಿಸಿದ್ದಳು. ಅದೇ ಕೋಟು, ಒಳಗೆ ಮನುಷ್ಯ ಅರ್ಧ ಮಾತ್ರ ಉಳಿದಿದ್ದ. ಕುಸುಮ ಗಂಜಿಯ ಬಟ್ಟಲು ಹಿಡಿದು ಎದುರು ಕೂತಳು. ಚಮಚ ಎತ್ತುವಾಗ ಅವರ ಕಣ್ಣು ಅವಳ ಎಡಗೈಯ ಮೇಲೆ ಬಿತ್ತು. ಥಟ್ಟನೆ ಕೈ ಹಿಡಿದುಕೊಂಡರು. ಬಾಣದ ಮೇಲೆ ಹೆಬ್ಬೆರಳು ಎಳೆದರು. ಮುಖ ಬೆಳಗಿತು. ಎಷ್ಟೋ ದಿನದ ಮೇಲೆ ಗುರುತು ಸಿಕ್ಕಿದ ಹಾಗೆ.

ನಾನು ಅವರ ಬಾಯಿಯನ್ನೇ ನೋಡಿದೆ. ಈಗಲಾದರೂ ಮಗಳು ಎಂದಾರು ಎಂದು.

"ನಮ್ಮ ಆಫೀಸಿನ ಮಾದರಿ," ಎಂದರು. "ಗುರುತು ಸ್ಪಷ್ಟ ಇದೆ. ಚೀಟಿ ಇಲ್ಲ. ಇದರ ಹೆಸರೇನು?"

ಕುಸುಮ ಚಮಚವನ್ನು ಬಟ್ಟಲಿಗೆ ಇಳಿಸಿದಳು. ಅವರನ್ನು ನೋಡಿದಳು. ತಲೆ ಕೆರೆದಳು. ಸೊಪ್ಪಿನ ಹೊರೆ ಇಳಿಸಿದ ಹೆಂಗಸಿನ ಹಾಗೆ ಬಹಳ ಯೋಚಿಸಿದಳು.

"ದಾದನಾ," ಎಂದಳು.

"ದಾದನಾ." ಅವರು ನಾಲಿಗೆಯ ಮೇಲಿಟ್ಟು ರುಚಿ ನೋಡಿದರು. ಹೊಸ ಹೆಸರು ಸಿಕ್ಕಿದ ಸಂತೋಷ. "ಉಪಯೋಗ ಹೇಳು."

"ಗಂಜಿ ಬೇಯಿಸ್ತದೆ."

ಅವರು ಸ್ವಲ್ಪ ಹೊತ್ತು ಕಾದರು. ಇನ್ನೂ ಏನಾದರೂ ಇದ್ದೀತು ಎಂದು. ಇರಲಿಲ್ಲ. ಕೈ ಬಿಟ್ಟರು.

"ವ್ಯಾಪಾರಕ್ಕೆ ಅನರ್ಹ," ಎಂದರು.

"ಹೌದು," ಎಂದಳು ಕುಸುಮ. "ಬಾಯಿ ತೆರೆಯಿರಿ."